ಮುಂದಿನ ಡಿಫರೆನ್ಷಿಯಲ್ ಲಾಕ್ ಕೈಕೊಟ್ಟಾಗ: ಹೌಸಿಂಗ್ ಬಿಚ್ಚುವ ಮುನ್ನ ನೋಡಬೇಕಾದ್ದು

ಫೋರ್ ವೀಲ್ ಗಾಡಿಯ ಮುಂದಿನ ಆಕ್ಸಲ್‌ಗೆ ಹವಾದಿಂದ ನಡೆಯುವ ಡಿಫರೆನ್ಷಿಯಲ್ ಲಾಕ್ (ಎರಡೂ ಗಾಲಿ ಒಟ್ಟಿಗೇ ತಿರುಗುವಂತೆ ಕಚ್ಚಿಸುವ ಭಾಗ) ಕೂಡಿಸಿದ್ದಾಗಿದೆ. ಮೊದಲ ಮಳೆಗೆ ಎರಿ ಹೊಲಕ್ಕೆ ಇಳಿಸಿದರೆ ಒಂದು ಗಾಲಿ ಗಿರಗಿರ ತಿರುಗುತ್ತದೆ, ಇನ್ನೊಂದು ಸುಮ್ಮನೆ ನಿಂತಿರುತ್ತದೆ. ಟ್ರ್ಯಾಕ್ಟರ್ ತಂದು ಎಳೆಸಿ, ಗಾಡಿಯನ್ನು ನೇರ ಗ್ಯಾರೇಜಿಗೆ ಒಯ್ದು ‘ಲಾಕ್ ಹೋಗೇದ, ಬಿಚ್ಚಿ ನೋಡ್ರಿ’ ಅನ್ನುವುದು ರೂಢಿ. ಬಿಚ್ಚಿದರೆ ಒಳಗಿನ ಲಾಕ್ ಹೊಸದರಂತೆ ಹೊಳೆಯುತ್ತಿರುತ್ತದೆ. ಕೆಟ್ಟಿರುವುದು ಚಾಸಿ ಪಕ್ಕದ ಒಂದು ಗೇಣು ನೈಲಾನ್ ಪೈಪು, ಇಲ್ಲವೇ ರಾಡಿ ತುಂಬಿ ಅರ್ಧಕ್ಕೆ ನಿಂತ ಹಬ್ ಡಯಲ್ (ಗಾಲಿಯನ್ನು ಆಕ್ಸಲ್‌ಗೆ ಕೂಡಿಸಿ ಬಿಡಿಸುವ, ಗಾಲಿ ನಡುವಿನ ತಿರುಗಣೆ). ಹೌಸಿಂಗ್ (ಡಿಫರೆನ್ಷಿಯಲ್ ಕೂತಿರುವ ಆಕ್ಸಲ್‌ನ ಡಬ್ಬಿ) ಬಿಚ್ಚಿ ಕೂಡಿಸಲು ಒಂದು ದಿನ ಬೇಕು, ಗ್ಯಾಸ್ಕೆಟ್, ಎಣ್ಣೆ, ಸೀಲ್ ಎಲ್ಲ ಹೊಸದಾಗಬೇಕು, ಕ್ರೌನ್-ಪಿನಿಯನ್ (ಒಳಗಿನ ದೊಡ್ಡ-ಚಿಕ್ಕ ಜೋಡಿ ಗೇರು) ಸೆಟ್ಟಿಂಗ್ ಕೆಡುವ ಭಯ ಬೇರೆ. ಆದ್ದರಿಂದ ಇಲ್ಲಿ ಪರೀಕ್ಷೆಗಳು ಹೊರಗಿನಿಂದ ಒಳಕ್ಕೆ ಸಾಗುತ್ತವೆ. ಹೌಸಿಂಗ್ ಕವರಿಗೆ ಪಾನಾ ಹಚ್ಚುವುದು ಎಲ್ಲಕ್ಕಿಂತ ಕೊನೆಗೆ.

ಮುಖ್ಯವಾಗಿ ಇದು ಗಟ್ಟಿ ಆಕ್ಸಲ್ ಇರುವ ಜೀಪ್ ಮಾದರಿ ಗಾಡಿ, ಪಿಕಪ್‌ಗಳಿಗೆ ಹೊರಗಿನಿಂದ ತಂದು ಕೂಡಿಸಿದ ಹವಾ ಲಾಕ್ ಕುರಿತದ್ದು. ಫೋರ್ಸ್ ಗೂರ್ಖಾದಂಥ ಗಾಡಿಗಳಿಗೆ ಮುಂದೆ, ಹಿಂದೆ ಎರಡೂ ಕಡೆ ಕಾರ್ಖಾನೆಯ ಮೆಕ್ಯಾನಿಕಲ್ ಲಾಕ್ ಬರುತ್ತದೆ. ಅವಕ್ಕೆ ಇಲ್ಲಿನ ಗಾಲಿ ಪರೀಕ್ಷೆಯೂ ಸದ್ದಿನ ಭಾಗವೂ ಹೊಂದುತ್ತವೆ, ಹವಾ ಭಾಗ ಹೊಂದುವುದಿಲ್ಲ.

ಲಾಕ್ ಒಳಗೆ ನಡೆಯುವುದು ಇಷ್ಟೇ. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಎಡ, ಬಲ ಗಾಲಿಗೆ ಒಂದೊಂದರಂತೆ ಇರುವ ಎರಡು ಸೈಡ್ ಗೇರುಗಳು ಬೇರೆ ಬೇರೆ ವೇಗದಲ್ಲಿ ತಿರುಗಬಲ್ಲವು. ಹಿಡಿತ ಕಡಿಮೆ ಇರುವ ಗಾಲಿ ಎಷ್ಟು ಬಲ ತಾಳಬಲ್ಲದೋ ಇನ್ನೊಂದಕ್ಕೂ ಅಷ್ಟೇ ಬಲ ಸಿಗುತ್ತದೆ. ಹವಾ ಲಾಕ್‌ನಲ್ಲಿ ಪಿಸ್ಟನ್ ಒಂದು ಹಲ್ಲಿನ ಬಳೆಯನ್ನು ಸರಿಸಿ, ಒಂದು ಸೈಡ್ ಗೇರನ್ನು, ಈ ಗೇರುಗಳನ್ನೆಲ್ಲ ಹೊತ್ತು ತಿರುಗುವ ಕ್ಯಾರಿಯರ್‌ಗೇ ಕಚ್ಚಿಸುತ್ತದೆ. ಆಗ ಎರಡೂ ಗಾಲಿ ಒಂದೇ ಸರಳಿಗೆ ಪೋಣಿಸಿದಂತೆ. ಹವಾ ಬಿಟ್ಟರೆ ಸ್ಪ್ರಿಂಗ್ ಬಳೆಯನ್ನು ಹಿಂದಕ್ಕೆ ತರುತ್ತದೆ. ತಿರುಗುವ ಕ್ಯಾರಿಯರ್‌ಗೆ ನಿಂತಿರುವ ಪೈಪಿನಿಂದ ಹವಾ ಹೋಗಬೇಕಲ್ಲ, ಅದಕ್ಕೆ ಬೇರಿಂಗ್ ಪಕ್ಕದಲ್ಲಿ ಎರಡು ಓ-ರಿಂಗ್ ಇರುವ ಸೀಲ್ ಹೌಸಿಂಗ್ ಇರುತ್ತದೆ. ಲಾಕ್‌ನ ಒಳಗಿನ ಬಹುತೇಕ ದೂರುಗಳು ಈ ಎರಡು ಓ-ರಿಂಗಿಗೇ ಬಂದು ಮುಟ್ಟುತ್ತವೆ.

ದೋಷವಲ್ಲದ ದೂರುಗಳು

ಮುಂದಿನ ಲಾಕ್ ಹಾಕಿದಾಗ ಸ್ಟೀರಿಂಗ್ ಕಲ್ಲಿನಂತಾಗುವುದು, ತಿರುವಿನಲ್ಲಿ ಗಾಡಿ ನೆಟ್ಟಗೆ ಹೋಗಲು ನೋಡುವುದು, ಸ್ಟೀರಿಂಗ್ ತಾನಾಗಿ ನಡುವಿಗೆ ಬರುವುದು ಮೂರೂ ಲಾಕ್ ಸರಿಯಾಗಿ ಹಿಡಿದಿದೆ ಅನ್ನುವುದಕ್ಕೆ ಗುರುತು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು. ಲಾಕ್ ಅದಕ್ಕೆ ಬಿಡುವುದಿಲ್ಲ. ಎರಿ ರಾಡಿಯಲ್ಲಿ ಗಾಲಿ ಜಾರಿಕೊಂಡು ಹೊಂದಿಸಿಕೊಳ್ಳುತ್ತದೆ. ಡಾಂಬರಿನ ಮೇಲೆ ಜಾರಲು ಆಗದೆ ಆ ತಿರುಚು ಪೂರ್ತಿ ಆಕ್ಸಲ್ ಜಾಯಿಂಟಿನ ಮೇಲೆ ಬೀಳುತ್ತದೆ. ‘ಲಾಕ್ ಹಿಡಿಯುತ್ತದೋ ನೋಡೋಣ’ ಎಂದು ವಿಜಯಪುರದ ಬೈಪಾಸ್ ಮೇಲೆ ಯೂ-ಟರ್ನ್ ಹೊಡೆಯುವುದು ಪರೀಕ್ಷೆಯಲ್ಲ, ಜಾಯಿಂಟ್ ಮುರಿಯುವ ವಿಧಾನ.

ಇನ್ನೊಂದು: ಬದುವಿನ ಮೇಲೆ ಅಡ್ಡ ಇಳಿಜಾರಿನಲ್ಲಿ ಲಾಕ್ ಹಾಕಿ ಹೋದರೆ ಗಾಡಿಯ ಮೂತಿ ಕೆಳಕ್ಕೆ ಜಾರುತ್ತದೆ. ಲಾಕ್ ಇಲ್ಲದಿದ್ದಾಗ ಒಂದು ಗಾಲಿ ತಿರುಗಿದರೂ ಇನ್ನೊಂದು ನೆಲ ಹಿಡಿದಿರುತ್ತದೆ. ಲಾಕ್ ಹಾಕಿದಾಗ ಎರಡೂ ಒಟ್ಟಿಗೆ ತಿರುಗಿ ಎರಡೂ ಪಕ್ಕಕ್ಕೆ ಸರಿಯುತ್ತವೆ. ಅಲ್ಲಿ ಸ್ವಿಚ್ ಬಂದ್ ಮಾಡಿಯೇ ಹೋಗಬೇಕು.

ಸ್ವಿಚ್ ಬಂದ್ ಮಾಡಿದ ತಕ್ಷಣ ಲಾಕ್ ಬಿಡದಿದ್ದರೂ ಗಾಬರಿ ಬೇಡ. ಹಲ್ಲುಗಳ ಮೇಲೆ ತಿರುಚು ಉಳಿದಿದ್ದರೆ ಸ್ಪ್ರಿಂಗಿಗೆ ಬಳೆ ಸರಿಸಲು ಆಗದು. ಸ್ಟೀರಿಂಗ್ ನೆಟ್ಟಗೆ ಮಾಡಿ, ನಾಲ್ಕಾರು ಮಾರು ರಿವರ್ಸ್ ಹೋಗಿ ಮತ್ತೆ ಮುಂದೆ ಬಂದರೆ ‘ಟಕ್’ ಎಂದು ಬಿಡುತ್ತದೆ. ಎಬಿಎಸ್ ಇರುವ ಗಾಡಿಯಲ್ಲಿ ಲಾಕ್ ಹಾಕಿದಾಗ ಎಬಿಎಸ್ ದೀಪ ಹೊತ್ತಿಕೊಳ್ಳಬಹುದು: ಎರಡು ಮುಂದಿನ ಗಾಲಿಗಳ ವೇಗ ಸೆನ್ಸರ್‌ಗಳು ಕಂಪ್ಯೂಟರ್ ಎಣಿಸಿದ್ದಕ್ಕಿಂತ ಬೇರೆ ಲೆಕ್ಕ ಕೊಡುತ್ತವೆ. ಲಾಕ್ ಬಿಟ್ಟು ಇಗ್ನಿಷನ್ ಒಮ್ಮೆ ಬಂದ್ ಮಾಡಿ ಹಚ್ಚಿದ ಮೇಲೂ ದೀಪ ಆರದಿದ್ದರೆ ಮಾತ್ರ ವೈರಿಂಗ್ ನೋಡಿ.

ಎಲ್ಲಕ್ಕಿಂತ ಮೊದಲು ಗಾಲಿ ತಿರುಗಿಸಿ

ಸಮತಟ್ಟಾದ ಗಟ್ಟಿ ನೆಲದಲ್ಲಿ ಹಿಂದಿನ ಗಾಲಿಗಳಿಗೆ ಮುಂದೆ, ಹಿಂದೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಎರಡೂ ಗಾಲಿ ಎತ್ತಿ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕಿ ಮೇಲೆ ನಿಲ್ಲಿಸಿ ಕೆಳಗೆ ತೂರಬೇಡಿ. ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗೆ ಬಲ ಹಂಚುವ ಪೆಟ್ಟಿಗೆ) ಟು ಹೈನಲ್ಲಿರಲಿ, ಅಂದರೆ ಹಿಂದಿನ ಗಾಲಿಗಳಿಗಷ್ಟೇ ಬಲ. ಆಗ ಮುಂದಿನ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲರ್ ಶಾಫ್ಟ್ ತನ್ನಷ್ಟಕ್ಕೆ ತಿರುಗಬಲ್ಲದು. ಕೈಯಿಂದ ತಿರುಗಿಸುವ ಹಬ್ ಇದ್ದರೆ ಎರಡನ್ನೂ ಡಯಲ್ ಮೇಲಿನ ‘ಲಾಕ್’ ಗುರುತಿಗೆ ಪೂರ್ತಿ ತಿರುಗಿಸಿ. ಇಗ್ನಿಷನ್ ಹಾಕಿ, ಕಂಪ್ರೆಸರ್ ತುಂಬಿ ನಿಲ್ಲುವವರೆಗೆ ತಡೆಯಿರಿ.

ಮೊದಲು ಲಾಕ್ ಸ್ವಿಚ್ ಬಂದ್ ಇರುವಾಗ ಎಡಗಾಲಿಯನ್ನು ಕೈಯಿಂದ ಮುಂದಕ್ಕೆ ತಿರುಗಿಸಿ. ಬಲಗಾಲಿ ಹಿಂದಕ್ಕೆ ತಿರುಗಬೇಕು. ಈಗ ಸ್ವಿಚ್ ಹಾಕಿ, ಹಲ್ಲುಗಳು ಎದುರುಬದುರಾಗಲು ಗಾಲಿಯನ್ನು ಸ್ವಲ್ಪ ಅತ್ತಿತ್ತ ಆಡಿಸಿ. ಒಳಗೆ ‘ಕ್ಲಿಕ್’ ಸದ್ದು ಬಂದ ಮೇಲೆ ಎಡಗಾಲಿ ಮುಂದಕ್ಕೆ ತಿರುಗಿಸಿದರೆ ಬಲಗಾಲಿಯೂ ಮುಂದಕ್ಕೇ ತಿರುಗಬೇಕು, ಜೊತೆಗೆ ಪ್ರೊಪೆಲರ್ ಶಾಫ್ಟ್ ಸುತ್ತಬೇಕು.

ಎರಡೂ ಗಾಲಿ ಒಂದೇ ಕಡೆ ತಿರುಗಿದರೆ ಲಾಕ್ ಸರಿ ಇದೆ, ಹವಾ ಸರಿ ಇದೆ, ಕರೆಂಟ್ ಸರಿ ಇದೆ. ಹಾಗಾದರೆ ಹೊಲದಲ್ಲಿ ಹೂತದ್ದೇಕೆ? ಟ್ರಾನ್ಸ್‌ಫರ್ ಲಿವರ್ ಪೂರ್ತಿ ಕೂತಿರಲಿಲ್ಲ, ಇಲ್ಲವೇ ಹಬ್ ಹಾಕಿರಲಿಲ್ಲ. ಸ್ವಿಚ್ ಹಾಕಿದ ಮೇಲೂ ಬಲಗಾಲಿ ಹಿಂದಕ್ಕೇ ತಿರುಗಿದರೆ ಲಾಕ್ ಹಿಡಿದಿಲ್ಲ. ಮುಂದಿನ ಭಾಗಕ್ಕೆ ಹೋಗಿ. ಪ್ರೊಪೆಲರ್ ಶಾಫ್ಟ್ ತಿರುಗುತ್ತದೆ, ಆದರೆ ಬಲಗಾಲಿ ಅಲುಗುವುದಿಲ್ಲ ಎಂದಾದರೆ ದೋಷ ಬಲಗಡೆಯ ಹಬ್‌ನಲ್ಲಿದೆ, ಇಲ್ಲವೇ ಆ ಕಡೆಯ ಆಕ್ಸಲ್ ಶಾಫ್ಟ್ ಒಳಗೇ ತುಂಡಾಗಿದೆ. ಶಾಫ್ಟ್ ಮುರಿದ ಗಾಡಿಯೂ ಟು ಹೈನಲ್ಲಿ ಸುಮ್ಮನೆ ಓಡಿಕೊಂಡಿರುತ್ತದೆ, ಹಾಗಾಗಿ ಎಷ್ಟೋ ದಿನ ಯಾರಿಗೂ ಗೊತ್ತಾಗುವುದಿಲ್ಲ.

ಎರಿ ಭಾಗದ ಗಾಡಿಗಳಲ್ಲಿ ಹಬ್ ಡಯಲ್ ಬಗ್ಗೆ ವಿಶೇಷ ಅನುಮಾನವಿರಲಿ. ಒಣಗಿದ ಎರಿ ಮಣ್ಣು ಸಿಮೆಂಟಿನಂತೆ ಕೂರುತ್ತದೆ. ಡಯಲ್ ಮೇಲೆ ಗುರುತು ಲಾಕ್‌ಗೆ ಬಂದಂತೆ ಕಂಡರೂ ಒಳಗಿನ ಹಲ್ಲು ಅರ್ಧ ಕಚ್ಚಿರುತ್ತದೆ. ಅರ್ಧ ಕಚ್ಚಿದ ಹಬ್ ಮೇಲೆ ಲಾಕ್‌ನ ಪೂರ್ತಿ ಬಲ ಬಿದ್ದರೆ ಹಲ್ಲು ಸವೆದು ದುಂಡಗಾಗುತ್ತದೆ. ಹಬ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ತೆಳುವಾಗಿ ಗ್ರೀಸ್ ಸವರಿ. ಗ್ರೀಸ್ ತುಂಬಿಸಿ ಇಟ್ಟರೆ ಅದೂ ಡಯಲ್ಲನ್ನು ತಡೆಯುತ್ತದೆ.

ಸ್ವತಂತ್ರ ಸಸ್ಪೆನ್ಷನ್ ಇರುವ ಕೆಲವು ಪಿಕಪ್‌ಗಳಲ್ಲಿ ಹಬ್ ಬದಲು ಒಂದು ಬದಿಯ ಆಕ್ಸಲನ್ನು ಕೂಡಿಸಿ ಬಿಡಿಸುವ ಆಕ್ಚುಯೇಟರ್ ಇರುತ್ತದೆ. ಅದು ಕೂಡಿಕೊಳ್ಳದಿದ್ದರೆ ಡಿಫರೆನ್ಷಿಯಲ್ ಲಾಕ್ ಎಷ್ಟೇ ಗಟ್ಟಿಯಾಗಿ ಹಿಡಿದರೂ ಆ ಗಾಲಿಗೆ ಏನೂ ತಲುಪದು. ಇವುಗಳಲ್ಲಿ ಲಾಕನ್ನು ದೂರುವ ಮುನ್ನ, ಫೋರ್ ವೀಲ್‌ಗೆ ಹಾಕಿದಾಗ ಡ್ಯಾಶ್‌ಬೋರ್ಡಿನ ಫೋರ್ ವೀಲ್ ದೀಪ ಮಿಣುಕದೆ ಸ್ಥಿರವಾಗಿ ಹೊತ್ತಿದೆಯೇ ನೋಡಿ.

ಲಾಕ್ ಹಿಡಿಯುವುದೇ ಇಲ್ಲ

ಕರೆಂಟ್‌ನಿಂದ ಶುರು ಮಾಡಿ. ಹಲವು ಕಿಟ್‌ಗಳ ವೈರಿಂಗ್‌ನಲ್ಲಿ ಮುಂದಿನ ಲಾಕ್ ಸ್ವಿಚ್ಚಿಗೆ ಕರೆಂಟ್ ಬರುವುದು ಹಿಂದಿನ ಲಾಕ್ ಸ್ವಿಚ್ ಮೂಲಕ. ಮುಂದಿನ ಲಾಕ್ ಒಂದನ್ನೇ ಹಾಕಿ ಸ್ಟೀರಿಂಗ್ ಕೆಡಿಸಿಕೊಳ್ಳಬಾರದು ಅನ್ನುವುದು ಉದ್ದೇಶ. ಹಿಂದಿನ ಸ್ವಿಚ್ ಹಾಕದೆ ಮುಂದಿನದನ್ನು ಎಷ್ಟು ಒತ್ತಿದರೂ ಏನೂ ಆಗದು. ಮುಂದೆ ಒಂದೇ ಲಾಕ್ ಕೂಡಿಸಿದ್ದರೆ ಕಿಟ್‌ನ ಚಿತ್ರದಂತೆ ಆ ವೈರನ್ನು ಬೇರೆ ಕಡೆ ಕೊಡಬೇಕು. ಕೂಡಿಸಿದ ದಿನವೇ ಬರುವ ‘ಹೊಸ ಲಾಕ್ ಕೆಲಸ ಮಾಡುತ್ತಿಲ್ಲ’ ದೂರು ಬಹುಪಾಲು ಇಲ್ಲಿ ಮುಗಿಯುತ್ತದೆ.

ಕಂಪ್ರೆಸರ್ ಓಡುತ್ತಲೇ ಇಲ್ಲವಾದರೆ ಫ್ಯೂಸ್, ರಿಲೇ, ಅರ್ಥ್, ಪ್ರೆಶರ್ ಸ್ವಿಚ್, ಈ ಕ್ರಮದಲ್ಲಿ ನೋಡಿ. ಫ್ಯೂಸ್ ಸುಟ್ಟಿದ್ದರೆ ಅದೇ ಅಂಕಿಯ ಹೊಸದು ಹಾಕಿ. ಮತ್ತೆ ಸುಟ್ಟರೆ ದಪ್ಪ ಫ್ಯೂಸ್ ಹಾಕುವುದಲ್ಲ, ವೈರ್ ಎಲ್ಲಿ ಬಾಡಿಗೆ ಉಜ್ಜಿದೆ ಎಂದು ಹುಡುಕಬೇಕು. ಪ್ರೆಶರ್ ಸ್ವಿಚ್ ಅನುಮಾನವಿದ್ದರೆ ಅದರ ಎರಡು ಟರ್ಮಿನಲ್ ನಡುವೆ ಎರಡು ಸೆಕೆಂಡ್ ತುಂಡು ವೈರ್ ಹಿಡಿಯಿರಿ. ಕಂಪ್ರೆಸರ್ ಓಡಿದರೆ ಸ್ವಿಚ್ಚೇ ಸತ್ತಿದೆ. ಆ ತುಂಡನ್ನು ಹಾಗೇ ಬಿಟ್ಟು ಗಾಡಿ ಓಡಿಸಬೇಡಿ; ಒತ್ತಡಕ್ಕೆ ಮಿತಿಯೇ ಇರುವುದಿಲ್ಲ.

ಓಡುತ್ತದೆ, ಆದರೆ ನಿಧಾನ ಎಂದಾದರೆ ಎಂಜಿನ್ ಚಾಲೂ ಇಟ್ಟು ಮಲ್ಟಿಮೀಟರ್‌ನಿಂದ ಬ್ಯಾಟರಿ ಮೇಲೆ ಒಮ್ಮೆ, ಕಂಪ್ರೆಸರ್ ಕನೆಕ್ಟರ್ ಮೇಲೆ ಒಮ್ಮೆ ಓದಿ. ವ್ಯತ್ಯಾಸ ಒಂದು ವೋಲ್ಟಿಗಿಂತ ಹೆಚ್ಚಿದ್ದರೆ ವೈರ್ ತೆಳುವಾಗಿದೆ, ಇಲ್ಲವೇ ಅರ್ಥ್ ಬೋಲ್ಟ್ ಕೆಳಗೆ ಬಣ್ಣ, ತುಕ್ಕು ಉಳಿದಿದೆ. ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದರೆ ಅರ್ಧಕ್ಕರ್ಧ ಕೇಸು ಸರಿಹೋಗುತ್ತವೆ. ಬೇಸಿಗೆಯ ದೂಳಿನಲ್ಲಿ ಓಡಿದ ಗಾಡಿಯಾದರೆ ಕಂಪ್ರೆಸರ್ ಹೀರುವ ಬಾಯಿಯ ಸ್ಪಂಜ್ ಫಿಲ್ಟರ್ ಬಿಚ್ಚಿ ನೋಡಿ. ಅದು ಕಟ್ಟಿಕೊಂಡರೂ ಇದೇ ಲಕ್ಷಣ.

ಒತ್ತಡದ ವಿಷಯ. ಲಾಕ್‌ಗೆಂದೇ ಬರುವ ಹಳೆ ಮಾದರಿಯ ಚಿಕ್ಕ ಕಂಪ್ರೆಸರ್‌ಗಳು ಸುಮಾರು 70 ಪಿಎಸ್‌ಐಗೆ ಶುರುವಾಗಿ 100ರ ಹತ್ತಿರ ನಿಲ್ಲುತ್ತವೆ. ಲಾಕ್ ತಯಾರಕರು ಹೇಳಿದ ಒತ್ತಡದ ಮಿತಿ ದಾಟಬಾರದು. ಟೈರಿಗೆ ಹವಾ ಬೇಗ ತುಂಬಲೆಂದು ದೊಡ್ಡ ಕಂಪ್ರೆಸರ್ ಕೂಡಿಸಿ 150 ಪಿಎಸ್‌ಐ ಟ್ಯಾಂಕಿನಿಂದ ನೇರ ಲಾಕ್‌ಗೆ ಪೈಪ್ ಕೊಟ್ಟ ಗಾಡಿಗಳಲ್ಲಿ ಆ ಮಿತಿ ದಾಟಿದರೆ ಸೀಲ್ ಬೇಗ ಹೋಗುತ್ತದೆ. ಅಂಥಲ್ಲಿ ನಡುವೆ ಒತ್ತಡ ಇಳಿಸುವ ರೆಗ್ಯುಲೇಟರ್ ಬೇಕೇ ಬೇಕು.

ಈಗ ಸೋರಿಕೆ. ಕಂಪ್ರೆಸರ್ ತುಂಬಿ ನಿಂತ ಮೇಲೆ, ಲಾಕ್ ಸ್ವಿಚ್ ಬಂದ್ ಇಟ್ಟು ಗಡಿಯಾರ ನೋಡಿ. ಕಾಲು ಗಂಟೆಯವರೆಗೆ ಅದು ಮತ್ತೆ ಶುರುವಾಗಬಾರದು. ಅದಕ್ಕೂ ಮುಂಚೆ ಶುರುವಾದರೆ ಸೋರಿಕೆ ಕಂಪ್ರೆಸರ್ ಮತ್ತು ಸಾಲೆನಾಯ್ಡ್ (ಕರೆಂಟ್‌ನಿಂದ ತೆರೆದು ಮುಚ್ಚುವ ಹವಾ ವಾಲ್ವ್) ನಡುವೆ ಇದೆ. ಲಾಕ್ ಹಾಕಿದಾಗ ಮಾತ್ರ ಪದೇ ಪದೇ ಓಡಿದರೆ ಸೋರಿಕೆ ಸಾಲೆನಾಯ್ಡ್‌ನಿಂದ ಆಚೆ: ಪೈಪ್, ಹೌಸಿಂಗ್ ಮೇಲಿನ ಜಾಯಿಂಟ್ ಅಥವಾ ಒಳಗಿನ ಓ-ರಿಂಗ್. ಈ ಒಂದು ಪರೀಕ್ಷೆ ಅರ್ಧ ಹುಡುಕಾಟ ಉಳಿಸುತ್ತದೆ.

ಸಾಬೂನು ನೀರನ್ನು ದಪ್ಪ ನೊರೆಯಾಗಿ ಕಲಸಿ ಎಲ್ಲ ಜಾಯಿಂಟಿಗೆ ಕುಂಚದಿಂದ ಹಚ್ಚಿ. ಗುಳ್ಳೆ ಎದ್ದಲ್ಲಿ ಸೋರಿಕೆ. ನೈಲಾನ್ ಪೈಪಿನಲ್ಲಿ ಹೆಚ್ಚು ಕೆಡುವ ಜಾಗಗಳು ಇವು: ಸ್ಪ್ರಿಂಗ್ ಯೂ-ಬೋಲ್ಟಿಗೆ ತಾಗುವಲ್ಲಿ, ಸೈಲೆನ್ಸರ್ ಪೈಪಿನ ಪಕ್ಕ ಮೆತ್ತಗಾದಲ್ಲಿ, ಆಕ್ಸಲ್ ಪೂರ್ತಿ ಇಳಿದಾಗ ಎಳೆತ ಬೀಳುವಲ್ಲಿ, ಪ್ಲಾಸ್ಟಿಕ್ ಪಟ್ಟಿ ಅತಿಯಾಗಿ ಬಿಗಿದು ಹಿಚುಕಿದಲ್ಲಿ. ಬಾಗಲಕೋಟೆ, ಬೆಳಗಾವಿಯ ಕಬ್ಬಿನ ಪಟ್ಟಿಯಲ್ಲಿ ಇನ್ನೊಂದು ಕಾರಣ ಸೇರುತ್ತದೆ. ಕಟಾವಾದ ಗದ್ದೆಯಲ್ಲಿ ಕಬ್ಬಿನ ಕೂಳೆ ಕೊಯ್ದ ಬಿದಿರಿನಂತೆ ಚೂಪಾಗಿ ನಿಂತಿರುತ್ತದೆ. ಆಕ್ಸಲ್ ಕೆಳಗೆ ಜೋತ ಪೈಪನ್ನು ಒಂದೇ ಸಲಕ್ಕೆ ಕಿತ್ತುಹಾಕುತ್ತದೆ. ಪೈಪನ್ನು ಬ್ರೇಕ್ ಹೋಸ್ ಜೊತೆಗೇ ಮೇಲಕ್ಕೆ ಒಯ್ಯಬೇಕು, ಆಕ್ಸಲ್ ಟ್ಯೂಬಿನ ಮೇಲ್ಬದಿಯಲ್ಲೇ ಕಟ್ಟಬೇಕು, ಮೇಲೆ ರಬ್ಬರ್ ಹೋಸ್ ತೊಡಿಸಬೇಕು. ಗಾಡಿ ತೋಟದ ಮನೆಯ ಶೆಡ್ಡಿನಲ್ಲಿ ನಿಲ್ಲುತ್ತಿದ್ದರೆ ಇಲಿ ಕಡಿದ ಗುರುತೂ ನೋಡಿ.

ಹರಿದ ಪೈಪ್ ಸರಿಪಡಿಸುವಾಗ ಇಕ್ಕಳದಿಂದ ಕತ್ತರಿಸಬೇಡಿ. ತುದಿ ಮೊಟ್ಟೆಯಾಕಾರವಾಗಿ ಫಿಟಿಂಗ್ ಒಳಗೆ ಕೂರುವುದಿಲ್ಲ. ಹೊಸ ಬ್ಲೇಡಿನಿಂದ ನೆಟ್ಟಗೆ ಕೊಯ್ದು, ಪೂರ್ತಿ ಒಳಗೆ ತಳ್ಳಿ, ಎಳೆದು ನೋಡಿ. ದಾರದ ಜಾಯಿಂಟುಗಳಿಗೆ ಬಿಳಿ ಟೇಪ್ ಸುತ್ತುವ ಚಟ ಇಲ್ಲಿ ಅಪಾಯಕಾರಿ: ಟೇಪಿನ ಚೂರು ಒಳಗೆ ಹೋಗಿ ಸಾಲೆನಾಯ್ಡ್ ಬಾಯಿಗೆ ಸಿಕ್ಕಿಕೊಂಡರೆ ವಾಲ್ವ್ ಪೂರ್ತಿ ತೆರೆಯದು, ಪೂರ್ತಿ ಮುಚ್ಚದು. ದ್ರವ ಸೀಲಂಟ್ ಬಳಸಿ, ಮೊದಲ ಎರಡು ಸುತ್ತು ಖಾಲಿ ಬಿಡಿ.

ಸಾಲೆನಾಯ್ಡ್ ಪರೀಕ್ಷೆಗೆ ಸುಲಭ ದಾರಿಯಿದೆ. ಹಿಂದೆಯೂ ಹವಾ ಲಾಕ್ ಇದ್ದರೆ ಎರಡು ಸಾಲೆನಾಯ್ಡ್‌ಗಳ ವೈರ್ ಅದಲು ಬದಲು ಮಾಡಿ. ಈಗ ಹಿಂದಿನ ಸ್ವಿಚ್ ಒತ್ತಿದಾಗ ಮುಂದಿನ ಸಾಲೆನಾಯ್ಡ್ ಕ್ಲಿಕ್ ಎಂದು ಮುಂದಿನ ಲಾಕ್ ಹಿಡಿದರೆ, ದೋಷ ಸ್ವಿಚ್ ಅಥವಾ ವೈರಿನಲ್ಲಿ. ಕ್ಲಿಕ್ ಇಲ್ಲದಿದ್ದರೆ ಸಾಲೆನಾಯ್ಡ್‌ನಲ್ಲೇ. ಕ್ಲಿಕ್ ಬಂದರೂ ಲಾಕ್ ಹಿಡಿಯದಿದ್ದರೆ ಪೈಪನ್ನು ಹೌಸಿಂಗ್ ಹತ್ತಿರ ಬಿಚ್ಚಿ ಸ್ವಿಚ್ ಹಾಕಿ. ಅಲ್ಲಿ ಜೋರಾಗಿ ಹವಾ ಬರುತ್ತಿದ್ದರೆ ಮಾತ್ರ ಸಮಸ್ಯೆ ಹೌಸಿಂಗ್ ಒಳಗಿದೆ ಎನ್ನಬಹುದು.

ಹವಾ ಒಳಗೆ ಸೋರುತ್ತಿದೆಯೇ: ನೀರಿನ ಲೋಟದ ಪರೀಕ್ಷೆ

ಹೌಸಿಂಗ್ ಬಿಚ್ಚದೆ ಒಳಗಿನ ಓ-ರಿಂಗ್ ನೋಡಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಎಂಜಿನ್ ತಣ್ಣಗಿರುವಾಗ ಮುಂದಿನ ಆಕ್ಸಲ್‌ನ ಬ್ರೀದರ್‌ಗೆ (ಹೌಸಿಂಗ್ ಗಾಳಿಯಾಡುವ ಚಿಕ್ಕ ಬಾಯಿ) ಒಂದು ರಬ್ಬರ್ ಹೋಸ್ ಸಿಕ್ಕಿಸಿ, ಅದರ ತುದಿಯನ್ನು ಲೋಟದ ನೀರಿನಲ್ಲಿ ಒಂದು ಸೆಂಟಿಮೀಟರ್ ಮುಳುಗಿಸಿ. ಲಾಕ್ ಬಂದ್ ಇರುವಾಗ ಗುಳ್ಳೆ ಬರಬಾರದು. ಲಾಕ್ ಹಾಕಿ. ಒಂದೆರಡು ಗುಳ್ಳೆ ಬಂದು ನಿಂತರೆ ಚಿಂತೆಯಿಲ್ಲ. ಎಡೆಬಿಡದೆ ಬರುತ್ತಲೇ ಇದ್ದರೆ ಹವಾ ಹೌಸಿಂಗ್ ಒಳಕ್ಕೆ ಸೋರುತ್ತಿದೆ: ಸೀಲ್ ಹೌಸಿಂಗ್‌ನ ಓ-ರಿಂಗ್, ಅದಕ್ಕೆ ಹೋಗುವ ತಾಮ್ರದ ಪೈಪ್ ಅಥವಾ ಪಿಸ್ಟನ್ ಸೀಲ್. ಪರೀಕ್ಷೆ ಮುಗಿದ ಕೂಡಲೇ ಹೋಸ್ ನೀರಿನಿಂದ ತೆಗೆಯಿರಿ, ಇಲ್ಲದಿದ್ದರೆ ಹೌಸಿಂಗ್ ನೀರು ಹೀರಿಕೊಂಡೀತು.

ಎಣ್ಣೆ ಹೊರಗೆ ಬರುವುದು

ಲಾಕ್ ಬಿಟ್ಟಾಗ ಸಾಲೆನಾಯ್ಡ್‌ನ ಹೊರಬಾಯಿಂದ ‘ಪುಸ್’ ಎಂದು ಹವಾ ಹೋಗುತ್ತದೆ. ಅದರ ಜೊತೆ ಮಂಜಿನಂತೆ ತುಸು ಎಣ್ಣೆ ಬಂದರೆ, ಅದೂ ಹೊಸದಾಗಿ ಕೂಡಿಸಿದ್ದರೆ, ಬಿಟ್ಟುಬಿಡಿ. ಪ್ರತಿ ಸಲ ಹನಿಹನಿಯಾಗಿ ಎಣ್ಣೆ ಉಗುಳಿದರೆ ಮೂರು ಕಾರಣ. ಓ-ರಿಂಗ್ ಸವೆದಿದೆ, ಎಣ್ಣೆ ಜಾಸ್ತಿ ತುಂಬಿದ್ದಾರೆ, ಇಲ್ಲವೇ ಬ್ರೀದರ್ ಮುಚ್ಚಿದೆ. ಮೂರನೆಯದನ್ನು ಮೊದಲು ನೋಡಿ, ಖರ್ಚಿಲ್ಲದ್ದು. ಹೌಸಿಂಗ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಹೊರಹೋಗಲು ದಾರಿ ಇಲ್ಲದಿದ್ದರೆ ಅದು ಎಣ್ಣೆಯನ್ನು ಓ-ರಿಂಗ್ ದಾಟಿಸಿ ಹವಾ ಪೈಪಿಗೆ ತಳ್ಳುತ್ತದೆ, ಇಲ್ಲವೇ ಆಕ್ಸಲ್ ಸೀಲ್ ದಾಟಿಸಿ, ಗಾಲಿ ಹೊರಳುವ ಜಾಗದ ಸ್ಟೀರಿಂಗ್ ನಕಲ್‌ಗೆ ಇಳಿಸುತ್ತದೆ. ಗಾಲಿಯ ಒಳಬದಿಯಲ್ಲಿ ಗೇರ್ ಎಣ್ಣೆಯ ವಾಸನೆ ಬಂದರೆ ಹೊಸ ಸೀಲ್ ಹಾಕುವ ಮುನ್ನ ಬ್ರೀದರ್ ಊದಿ ನೋಡಿ. ಇಲ್ಲವಾದರೆ ಹೊಸ ಸೀಲೂ ವಾರಕ್ಕೆ ಸೋರುತ್ತದೆ.

ಉಲ್ಟಾ ಅಪಾಯವೂ ಇದೆ. ಓಡಿ ಬಿಸಿಯಾದ ಗಾಡಿ ಹಳ್ಳಕ್ಕೆ ಇಳಿದಾಗ ಹೌಸಿಂಗ್ ಒಮ್ಮೆಗೇ ತಣ್ಣಗಾಗಿ ಒಳಗೆ ಎಳೆತ ಹುಟ್ಟುತ್ತದೆ. ಬ್ರೀದರ್ ಮುಚ್ಚಿದ್ದರೆ ಸೀಲಿನ ಅಂಚಿನಿಂದಲೇ ನೀರು ಒಳಗೆ ಹೋಗುತ್ತದೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯಲ್ಲಿ ಓಡುವ ಗಾಡಿಗೆ ಬ್ರೀದರ್ ಹೋಸನ್ನು ಬಾನೆಟ್ ಒಳಗಿನ ಎತ್ತರದ ಜಾಗಕ್ಕೆ ಒಯ್ದು ತುದಿಗೆ ಚಿಕ್ಕ ಫಿಲ್ಟರ್ ಹಾಕಿ. ಎಣ್ಣೆ ಹಾಲು ಹಾಕಿದ ಚಹಾದಂತೆ ಕಂಡರೆ ನೀರು ಸೇರಿದೆ. ಪೂರ್ತಿ ಇಳಿಸಿ ಬದಲಿಸಬೇಕು. ಹೆಚ್ಚಿನ ಹವಾ ಲಾಕ್‌ಗಳಿಗೆ ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಗೇರ್ ಎಣ್ಣೆ ಸಾಕು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ಗೆ ಹಾಕುವ ವಿಶೇಷ ಮಿಶ್ರಣ ಇದಕ್ಕೆ ಬೇಡ. ಅಳತೆ ಲೀಟರ್ ಲೆಕ್ಕದಲ್ಲಲ್ಲ, ತುಂಬುವ ಪ್ಲಗ್‌ನ ಕೆಳ ಅಂಚಿಗೆ ಬರುವವರೆಗೆ, ಗಾಡಿ ಸಮತಟ್ಟಾಗಿ ನಿಂತಾಗ. ಲಾಕ್ ಸಾದಾ ಕ್ಯಾರಿಯರ್‌ಗಿಂತ ದೊಡ್ಡದು, ಹಾಗಾಗಿ ಮೊದಲಿಗಿಂತ ತುಸು ಕಡಿಮೆ ಎಣ್ಣೆ ಹಿಡಿಯುತ್ತದೆ. ಹಳೇ ಲೆಕ್ಕದಲ್ಲಿ ಸುರಿದರೆ ಅದೇ ಜಾಸ್ತಿಯಾಗುತ್ತದೆ.

ಹಿಡಿಯುತ್ತದೆ, ಬಿಡುವುದಿಲ್ಲ

ರಿವರ್ಸ್ ಮಾಡಿದರೂ ಬಿಡದಿದ್ದರೆ ಹವಾ ಪೈಪನ್ನು ಸಾಲೆನಾಯ್ಡ್ ಹತ್ತಿರ ಬಿಚ್ಚಿ. ಪುಸ್ ಎಂದು ಹವಾ ಬಂದು ಲಾಕ್ ಬಿಟ್ಟರೆ ಸಾಲೆನಾಯ್ಡ್‌ನ ಹೊರಬಾಯಿ ಮುಚ್ಚಿದೆ. ಅದನ್ನು ಮೇಲ್ಮುಖವಾಗಿ ಕೂಡಿಸಿದ್ದರೆ ಒಣ ಎರಿ ದೂಳು ತುಂಬಿ ಗಟ್ಟಿಯಾಗಿರುತ್ತದೆ. ಅಲ್ಲಿ ಬಿಡದೆ, ಹೌಸಿಂಗ್ ಹತ್ತಿರ ಬಿಚ್ಚಿದಾಗ ಬಿಟ್ಟರೆ ನಡುವಿನ ಪೈಪ್ ಎಲ್ಲೋ ಮಡಚಿದೆ. ಅಲ್ಲೂ ಹವಾ ಇಲ್ಲ, ಗಾಲಿಗಳಿನ್ನೂ ಒಂದೇ ಕಡೆ ತಿರುಗುತ್ತವೆ ಎಂದರೆ ಒಳಗಿನ ಸ್ಪ್ರಿಂಗ್ ಮುರಿದಿದೆ ಅಥವಾ ಹಲ್ಲಿನ ಅಂಚು ಚಕ್ಕೆ ಎದ್ದು ಬಳೆ ಸಿಕ್ಕಿಕೊಂಡಿದೆ. ಆಗ ಹಬ್ ಎರಡನ್ನೂ ಫ್ರೀ ಮಾಡಿಕೊಂಡು ಟು ಹೈನಲ್ಲಿ ಊರಿಗೆ ಬರಬಹುದು. ಹಬ್ ಇಲ್ಲದ ಗಾಡಿಯನ್ನು ಹಾಗೆ ದೂರ ಓಡಿಸಬಾರದು.

ಸದ್ದು

ಲಾಕ್ ಕೂಡಿಸಿದ ಮೇಲೆ ಹೊಸದಾಗಿ ಶುರುವಾದ ಸದ್ದಿನ ಕಾರಣ ಲಾಕ್ ಆಗಿರುವುದು ಅಪರೂಪ. ಕೂಡಿಸಿದ ರೀತಿಯಲ್ಲೇ ಇರುತ್ತದೆ. ವೇಗದ ಜೊತೆ ಏರುವ ‘ಕುಂಯ್’ ಸದ್ದು ಕ್ರೌನ್-ಪಿನಿಯನ್ ಹಲ್ಲು ತಪ್ಪು ಜಾಗದಲ್ಲಿ ಕೂಡುತ್ತಿವೆ ಎಂದು ಹೇಳುತ್ತದೆ. ಗೊರಗೊರ ಅಂದರೆ ಬೇರಿಂಗ್. ಕ್ರೌನಿನ ಒಂದು ಸುತ್ತಿಗೊಮ್ಮೆ ‘ಟಕ್’ ಎಂದರೆ ಹಲ್ಲು ಚಕ್ಕೆ ಎದ್ದಿದೆ ಅಥವಾ ಕ್ರೌನ್ ಬೋಲ್ಟ್ ಸಡಿಲ. ಈ ಕೊನೆಯದಕ್ಕೆ ಗಾಡಿ ಅಲ್ಲೇ ನಿಲ್ಲಿಸಿ. ಬೋಲ್ಟ್ ಒಂದು ಬಿಚ್ಚಿ ಹಲ್ಲಿನ ನಡುವೆ ಹೋದರೆ ಹೌಸಿಂಗೇ ಒಡೆಯುತ್ತದೆ. ಪೂರ್ತಿ ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ಕಟಕಟ ಬಂದರೆ ಅದು ಆಕ್ಸಲ್ ತುದಿಯ ಜಾಯಿಂಟ್, ಡಿಫರೆನ್ಷಿಯಲ್ ಅಲ್ಲ.

ಹೌಸಿಂಗ್ ಬಿಚ್ಚಲೇಬೇಕಾದರೆ ಮೊದಲು ಡ್ರೇನ್ ಪ್ಲಗ್‌ನ ಅಯಸ್ಕಾಂತ ನೋಡಿ. ಬೂದು ಬಣ್ಣದ ನುಣ್ಣನೆ ಕೆಸರು ಸಹಜ. ಬೆರಳಿಗೆ ತಾಗುವ ಚಕ್ಕೆ, ಸೂಜಿಯಂಥ ತುಂಡು ಸಹಜವಲ್ಲ. ಓ-ರಿಂಗಿನ ಕರಿ ರಬ್ಬರ್ ಚೂರು ಸಿಕ್ಕರೆ ಉತ್ತರ ಅಲ್ಲೇ ಸಿಕ್ಕಂತೆ.

ಬೇರಿಂಗ್ ಕ್ಯಾಪ್ ಬಿಚ್ಚುವ ಮುನ್ನ ಎಡ, ಬಲ ಎಂದು ಪಂಚ್ ಹೊಡೆದು ಗುರುತಿಡಿ. ಕ್ಯಾಪ್‌ಗಳನ್ನು ಹೌಸಿಂಗ್ ಜೊತೆಗೇ ಕೊರೆದು ಮಾಡಿರುತ್ತಾರೆ. ಅದಲು ಬದಲಾದರೆ, ತಲೆಕೆಳಗಾದರೂ ಸಹ, ಬೇರಿಂಗ್ ಹಿಡಿದುಕೊಳ್ಳುತ್ತದೆ. ಡಯಲ್ ಗೇಜ್‌ನಿಂದ ಬ್ಯಾಕ್‌ಲ್ಯಾಶ್ (ಕ್ರೌನ್-ಪಿನಿಯನ್ ಹಲ್ಲುಗಳ ನಡುವಿನ ಸಡಿಲ) ಅಳೆದು ಬರೆದಿಟ್ಟುಕೊಳ್ಳಿ. ಜೀಪ್ ಮಾದರಿ ಹೌಸಿಂಗ್‌ಗಳಲ್ಲಿ ಅದು ಸಾಮಾನ್ಯವಾಗಿ 0.13ರಿಂದ 0.25 ಮಿ.ಮೀ. ನಡುವೆ, ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ ಅಂಕಿಯೇ ಕೊನೆಯ ಮಾತು. ಒಂದೇ ಜಾಗದಲ್ಲಿ ಅಳೆದರೆ ಸಾಲದು. ಕ್ರೌನ್ ತಿರುಗಿಸುತ್ತ ನಾಲ್ಕು ಕಡೆ ಅಳೆಯಿರಿ. ನಾಲ್ಕರ ನಡುವೆ 0.08 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕ್ರೌನ್ ಸೊಟ್ಟ ಕೂತಿದೆ. ಬಹುಪಾಲು ಅದು ಲಾಕ್‌ನ ಮುಖಕ್ಕೂ ಕ್ರೌನಿಗೂ ನಡುವೆ ಉಳಿದ ಕಸ, ಹಳೇ ಸೀಲಂಟ್ ಅಥವಾ ಪೆಟ್ಟಾದ ಅಂಚು. ಅರಿವೆಯಿಂದ ಒರೆಸಿದರೆ ಸಾಲದು, ಎಣ್ಣೆಕಲ್ಲಿನಿಂದ ತೀಡಿ.

ಲಾಕ್ ಕೂಡಿಸುವಾಗ ಬದಲಾಗುವುದು ಕ್ಯಾರಿಯರ್ ಮಾತ್ರ. ಪಿನಿಯನ್ ಇದ್ದಲ್ಲೇ ಇರುತ್ತದೆ. ಆದ್ದರಿಂದ ಪಿನಿಯನ್ ನಟ್ ಮುಟ್ಟಬೇಡಿ. ಅದು ಸೋರುತ್ತಿಲ್ಲ, ಸಡಿಲವಿಲ್ಲ ಎಂದರೆ ಅದರ ಆಳವೂ ಪ್ರೀಲೋಡೂ (ಬೇರಿಂಗ್ ಮೇಲೆ ಮೊದಲೇ ಇಟ್ಟ ಬಿಗಿ) ಸರಿ ಇವೆ. ಹೊಂದಿಸಬೇಕಾದ್ದು ಎಡ-ಬಲದ ಶಿಮ್‌ಗಳನ್ನಷ್ಟೆ (ಸಂದು ತುಂಬುವ ತೆಳು ಬಿಲ್ಲೆಗಳು). ಒಂದು ಬದಿಯಿಂದ ತೆಗೆದದ್ದನ್ನು ಅಷ್ಟೇ ದಪ್ಪವಾಗಿ ಇನ್ನೊಂದು ಬದಿಗೆ ಹಾಕಿದರೆ ಪ್ರೀಲೋಡ್ ಕೆಡದೆ ಕ್ರೌನ್ ಸರಿಯುತ್ತದೆ. 0.10 ಮಿ.ಮೀ. ಶಿಮ್ ಸರಿಸಿದರೆ ಬ್ಯಾಕ್‌ಲ್ಯಾಶ್ ಸುಮಾರು 0.07 ಮಿ.ಮೀ. ಬದಲಾಗುತ್ತದೆ. ಈ ಲೆಕ್ಕ ಗೊತ್ತಿದ್ದರೆ ಹತ್ತು ಸಲ ಬಿಚ್ಚುವುದು ಎರಡು ಸಲಕ್ಕೆ ಇಳಿಯುತ್ತದೆ. ಬೇಕಾದ ದಪ್ಪದ ಶಿಮ್ ಸಿಗದಿದ್ದರೆ ಬೆಳಗಾವಿ ಉದ್ಯಮಬಾಗದ ಮಷಿನ್ ಶಾಪ್‌ಗಳಲ್ಲಿ ದಪ್ಪನೆಯ ಸ್ಪೇಸರನ್ನು ಸರ್ಫೇಸ್ ಗ್ರೈಂಡರ್ ಮೇಲೆ ಇಳಿಸಿಕೊಳ್ಳಬಹುದು. ಮೈಕ್ರೋಮೀಟರ್‌ನಿಂದ ನಾಲ್ಕು ಕಡೆ ಅಳೆದೇ ತನ್ನಿ. ತಗಡು ಕತ್ತರಿಸಿ ತುರುಕಿದ ಶಿಮ್ ಒಂದೇ ಸುಗ್ಗಿಗೆ ಪುಡಿಯಾಗುತ್ತದೆ.

ಹಲ್ಲಿನ ಗುರುತು ನೋಡಲು ಎಂಟು ಹತ್ತು ಹಲ್ಲಿಗೆ ಮಾರ್ಕಿಂಗ್ ಪೇಸ್ಟ್ ಹಚ್ಚಿ, ಕ್ರೌನಿಗೆ ಮರದ ತುಂಡಿನಿಂದ ತಡೆ ಕೊಟ್ಟು ಪಿನಿಯನ್ ಎರಡೂ ಕಡೆ ತಿರುಗಿಸಿ. ಇಲ್ಲಿ ಮುಂದಿನ ಆಕ್ಸಲ್‌ನ ಒಂದು ವಿಶೇಷ ನೆನಪಿರಲಿ. ಪಿನಿಯನ್ ಕೆಳಗಿರುವ ಸಾದಾ ಕ್ರೌನನ್ನು ಮುಂದೆ ಕೂಡಿಸಿದಾಗ, ಗಾಡಿ ಮುಂದಕ್ಕೆ ಎಳೆಯುವುದು ಹಲ್ಲಿನ ಒಳಬಾಗಿದ ಬದಿಯಿಂದ. ಅದೇ ಕ್ರೌನ್ ಹಿಂದಿನ ಆಕ್ಸಲ್‌ನಲ್ಲಿದ್ದಾಗ ಉಬ್ಬು ಬದಿಯಿಂದ ಎಳೆಯುತ್ತದೆ. ಹಿಂದಿನ ಆಕ್ಸಲ್ ನೋಡಿ ರೂಢಿಯಾದ ಕಣ್ಣು ಉಬ್ಬು ಬದಿ ಮಾತ್ರ ನೋಡಿ ‘ಚಲೋ ಐತಿ’ ಎಂದುಬಿಡುತ್ತದೆ. ಎರಡೂ ಬದಿ ನೋಡಿ. ಹಳೇ ಕ್ರೌನ್ ಆದರೆ ಹೊಸ ಗುರುತು ಹಳೇ ಸವೆತದ ಮೇಲೇ ಬರಬೇಕು. ಉಬ್ಬು ಬದಿಯ ಗುರುತು ಹಲ್ಲಿನ ಒಳತುದಿಗೆ ಸರಿದಿದ್ದರೆ ಬ್ಯಾಕ್‌ಲ್ಯಾಶ್ ಹೆಚ್ಚಿಸಿ, ಹೊರತುದಿಗೆ ಸರಿದಿದ್ದರೆ ಕಡಿಮೆ ಮಾಡಿ.

ಕ್ರೌನ್ ಬೋಲ್ಟ್‌ಗಳನ್ನು ಹೊಸದಾಗಿ ಹಾಕಿ, ದಾರ ಒಣಗಿಸಿ, ಕೆಂಪು ಥ್ರೆಡ್‌ಲಾಕರ್ ಹಚ್ಚಿ, ಎದುರುಬದುರಾಗಿ ಎರಡು ಮೂರು ಹಂತದಲ್ಲಿ ಟಾರ್ಕ್ ಪಾನಾದಿಂದ ಬಿಗಿಯಿರಿ. ‘ಕೈ ಅಂದಾಜು’ ಇಲ್ಲಿ ನಡೆಯದು. ಸೀಲ್ ಹೌಸಿಂಗ್ ಕೂಡಿಸುವಾಗ ಓ-ರಿಂಗಿಗೆ ಗೇರ್ ಎಣ್ಣೆ ಸವರಿ, ತಿರುಗಿಸುತ್ತ ಮೆಲ್ಲಗೆ ಏರಿಸಿ; ಒಣ ರಿಂಗ್ ಅಂಚಿಗೆ ಸಿಕ್ಕು ಕೊಯ್ದುಕೊಳ್ಳುತ್ತದೆ. ತಾಮ್ರದ ಪೈಪನ್ನು ಕ್ರೌನಿನಿಂದ ದೂರ ಬಾಗಿಸಿ, ಕೈಯಿಂದ ಪೂರ್ತಿ ಸುತ್ತು ತಿರುಗಿಸಿ ಎಲ್ಲೂ ತಾಗುತ್ತಿಲ್ಲ ಎಂದು ನೋಡಿ. ಹವಾ ಪೈಪಿಗೆ ಹೌಸಿಂಗ್ ಕೊರೆಯುವ ತೂತು ಎಣ್ಣೆಯ ಮಟ್ಟಕ್ಕಿಂತ ಮೇಲಿರಲಿ. ಡ್ರಿಲ್ ಮತ್ತು ಟ್ಯಾಪ್‌ಗೆ ದಪ್ಪ ಗ್ರೀಸ್ ಮೆತ್ತಿದರೆ ಚೂರು ಅಂಟಿಕೊಂಡು ಹೊರಗೆ ಬರುತ್ತವೆ. ಕವರ್ ಮುಚ್ಚುವ ಮುನ್ನ ಹವಾ ಕೊಟ್ಟು ಲಾಕ್ ಹತ್ತು ಸಲ ಹಾಕಿ ಬಿಡಿ. ಆಗ ಕಂಡ ಸೋರಿಕೆಗೆ ಐದು ನಿಮಿಷದ ಕೆಲಸ, ಮುಚ್ಚಿದ ಮೇಲೆ ಕಂಡದ್ದಕ್ಕೆ ಮತ್ತೊಂದು ದಿನ.

ತಾನಾಗಿ ಹಿಡಿಯುವ ಲಾಕ್ ಇದ್ದರೆ

ಸ್ಪೈಡರ್ ಗೇರ್ (ಡಿಫರೆನ್ಷಿಯಲ್ ಒಳಗಿನ ಚಿಕ್ಕ ಗೇರುಗಳು) ತೆಗೆದು ಅದೇ ಜಾಗದಲ್ಲಿ ಕೂಡಿಸುವ ಅಗ್ಗದ ಲಾಕ್‌ಗೆ ಹವಾ, ವೈರ್ ಯಾವುದೂ ಇಲ್ಲ. ಫೋರ್ ವೀಲ್‌ನಲ್ಲಿ ತಿರುಗಿದಾಗ ಟಿಕ್ ಟಿಕ್ ಸದ್ದು ಅದರ ಸ್ವಭಾವ. ಪರೀಕ್ಷೆಗೆ ಗಾಲಿ ಎತ್ತಿ, ಹಬ್ ಹಾಕಿ, ಗಾಡಿಯನ್ನು ಫೋರ್ ಲೋ (ನಾಲ್ಕೂ ಗಾಲಿಗೆ ಬಲ, ನಿಧಾನದ ಗೇರ್) ಮತ್ತು ಮೊದಲ ಗೇರಿನಲ್ಲಿ ನಿಲ್ಲಿಸಿ. ಒಬ್ಬರು ಎಡಗಾಲಿಯನ್ನು ಹಿಂದಕ್ಕೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಬಲಗಾಲಿಯನ್ನು ಮುಂದಕ್ಕೆ ತಿರುಗಿಸಲಿ: ಟಿಕ್ ಟಿಕ್ ಎನ್ನುತ್ತ ತಿರುಗಬೇಕು. ಹಿಂದಕ್ಕೆ ತಿರುಗಿಸಿದರೆ ಗಟ್ಟಿಯಾಗಿ ನಿಲ್ಲಬೇಕು. ಬಳಿಕ ಬದಿ ಬದಲಿಸಿ. ಮುಂದಕ್ಕೂ ತಿರುಗದಿದ್ದರೆ ಒಳಗಿನ ಪಿನ್-ಸ್ಪ್ರಿಂಗ್ ತಪ್ಪು ಕೂತಿವೆ. ಹಿಂದಕ್ಕೂ ಜಾರಿದರೆ ಹಲ್ಲು ಸವೆದಿದೆ ಅಥವಾ ಎರಡು ಭಾಗಗಳ ನಡುವಿನ ಸಂದು ಜಾಸ್ತಿಯಾಗಿದೆ; ಫೀಲರ್ ಗೇಜ್‌ನಿಂದ ಅಳೆದು ಲಾಕ್ ಜೊತೆ ಬಂದ ಹಾಳೆಯ ಅಂಕಿಗೆ ಹೋಲಿಸಿ. ಹಬ್ ಇಲ್ಲದ ಗಾಡಿಯ ಮುಂದಿನ ಆಕ್ಸಲ್‌ಗೆ ಈ ಲಾಕ್ ಬೇಡ.

ಕೂಡಿಸಿದ ಮೇಲಿನ ಮೊದಲ 500 ಕಿಲೋಮೀಟರಿಗೆ ಎಣ್ಣೆ ಇಳಿಸಿ ಅಯಸ್ಕಾಂತ ನೋಡಿ, ಹೊಸದು ಹಾಕಿ. ಮಳೆಗಾಲ ಬಿಟ್ಟರೆ ಲಾಕ್ ಬಳಕೆಯೇ ಇಲ್ಲದ ಗಾಡಿಗಳಲ್ಲಿ ಓ-ರಿಂಗ್ ಒಣಗಿ ಅಂಟಿಕೊಳ್ಳುತ್ತದೆ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಉತ್ತ ಹೊಲದಲ್ಲಿ, ನೆಟ್ಟಗೆ ಓಡಿಸುತ್ತ, ಐದಾರು ಸಲ ಹಾಕಿ ಬಿಡಿ. ಪೂರ್ತಿ ಸ್ಟೀರಿಂಗ್ ತಿರುಗಿಸಿಕೊಂಡು, ಲಾಕ್ ಹಾಕಿ, ಆಕ್ಸಲರೇಟರ್ ಒತ್ತಬೇಡಿ: ಆಗ ಒಂದು ಜಾಯಿಂಟಿನ ಮೇಲೆ ಇಡೀ ಆಕ್ಸಲ್‌ನ ಬಲ ಅದರ ಅತಿ ಕಡಿದಾದ ಕೋನದಲ್ಲಿ ಬೀಳುತ್ತದೆ, ಮೊದಲು ಮುರಿಯುವುದು ಅದೇ.